ಹಮೀದಾಕ ಹೊಡೆದುಹಾಕಿದ ಸಾಲು

ಆ ಬೆಳಿಗ್ಗೆ ಮಕ್ಕಳ ಡಬ್ಬಿಗೆ ನೀರುದೋಸೆ ಮಡಚಿಡುತ್ತಿದ್ದೆ. ಬೆಲ್ ಎರಡು ಸಲ ಗಿರ್ರೆಂದು ನಿಂತಿತು. ಹಾಗೆ ಒತ್ತುವವರು ಹಮೀದಾಕ ಒಬ್ಬರೇ. ಕಾಗದಪತ್ರಗಳನ್ನು ಅವರು ಖುಬ್ಬೂಸ್ ರೊಟ್ಟಿಯ ಪ್ಲಾಸ್ಟಿಕ್ ಚೀಲದಲ್ಲಿ ತರುತ್ತಿದ್ದರು. ಯಾರ ಅರ್ಜಿ ಹೊರತೆಗೆದರೂ ಮೊದಲು ಒಂದಿಷ್ಟು ರೊಟ್ಟಿಯ ಹುಡಿ ಉದುರುತ್ತಿತ್ತು.

ಉಪ್ಪಿನಂಗಡಿ ಕಡೆಯವರು; ಹಮೀದಣ್ಣ ಅನ್ನುವ ಹಾಗೆ ಆ ಕಡೆ ಹಮೀದಾಕ. ಸೌದಿಯ ಖಮೀಸ್ ಮುಶೈತ್‌ನಲ್ಲಿ ಅರಬಿ ಅರ್ಜಿ ಬರೆದುಕೊಡುವ ಪುಟ್ಟ ಅಂಗಡಿ ಅವರದು. ನನ್ನನ್ನು 'ಟೀಚರಮ್ಮ' ಎನ್ನುತ್ತಿದ್ದರು. ನಾನು ಯಾರಿಗೂ ಪಾಠ ಹೇಳಿದವಳಲ್ಲ. ಕಾನ್ವೆಂಟಿನಲ್ಲಿ ಓದಿದ್ದಕ್ಕೆ ಸಿಕ್ಕ ಬಿರುದು ಅದು. ಇಂಗ್ಲಿಷ್ ಬೇಕಾದಾಗಲೆಲ್ಲ ನನ್ನ ಅಡುಗೆಮನೆಯೇ ಅವರ ಎರಡನೇ ಅಂಗಡಿ.

"ಅರ್ಜಿ ಅಂದ್ರೆ ಬಗ್ಗಿ ನಿಲ್ಲುದು ಟೀಚರಮ್ಮ. ತಲೆ ಎತ್ತಿದ್ರೆ ಸೀಲ್ ಬೀಳುದಿಲ್ಲ" ಎನ್ನುತ್ತಿದ್ದರು.

ಹಾಗೆ ಬಗ್ಗಿಯೇ ನಾವಿಬ್ಬರು ಸಾಲಿಂ ಎಂಬವನ ತಾಯಿಯ ಹೇಳಿಕೆ ಬರೆದಿದ್ದೆವು. ಆಕೆ ಇಲ್ಲಿಯವರೇ, ವಿಧವೆ. ಗಂಡ ಅಮೆರಿಕದಲ್ಲಿ ಓದುತ್ತಿದ್ದಾಗ ಹುಟ್ಟಿದ ಮಗ ಆ ದೇಶದ ಪ್ರಜೆ. ಯುದ್ಧ ನಡೆಯುತ್ತಿದ್ದ ಊರಿನಲ್ಲಿ ಸಿಕ್ಕನೆಂದು ಅದೇ ದೇಶದ ಸೈನ್ಯ ಅವನನ್ನು 'ಶತ್ರು ಯೋಧ' ಎಂದು ಹಿಡಿದಿಟ್ಟಿತ್ತು. ಆರೋಪಪಟ್ಟಿಯಿಲ್ಲ, ವಕೀಲರ ಭೇಟಿಯಿಲ್ಲ. ಅಲ್ಲಿನ ಕೋರ್ಟಿಗೆ ತಾಯಿಯ ಹೇಳಿಕೆ ಬೇಕಿತ್ತು. ಆಕೆ ಅರಬಿಯಲ್ಲಿ ಅತ್ತರು, ಹಮೀದಾಕ ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿನಲ್ಲಿ ಬರೆದೆ. ಕೊನೆಗೆ, ಕಾನ್ವೆಂಟಿನ ಸಿಸ್ಟರ್ ಕಲಿಸಿದ ರಜಾ ಅರ್ಜಿಯ ಅಭ್ಯಾಸದಿಂದ, 'ದಯಮಾಡಿ ಮಗನ ತಪ್ಪನ್ನು ಕ್ಷಮಿಸಿ' ಎಂದು ಸೇರಿಸಿದೆ.

ಆಕೆಯ ಪರ ಕೇಸು ಹಿಡಿದಿದ್ದ ಅಲ್ಲಿನ ವಕೀಲರು ಕರಡು ನೋಡಿ ಫೋನ್ ಮಾಡಿದರು. ಕ್ಷಮಿಸಿ ಎಂದರೆ ತಪ್ಪು ಒಪ್ಪಿಕೊಂಡಂತೆ, ಸರ್ಕಾರ ಅದನ್ನೇ ಹಿಡಿದುಕೊಳ್ಳುತ್ತದೆ. ಅವನನ್ನು ಹಿಡಿದಿಟ್ಟದ್ದು ಯಾಕೆಂದು ನ್ಯಾಯಾಧೀಶರು ಸರ್ಕಾರವನ್ನು ಕೇಳಲಿ, ನಮ್ಮ ಬೇಡಿಕೆ ಅಷ್ಟೇ ಎಂದರು.

ಹಮೀದಾಕ ಆ ಸಾಲನ್ನೇ ನೋಡುತ್ತ ಕೂತರು. "ಇಷ್ಟು ವರ್ಷದಲ್ಲಿ ಕ್ಷಮೆ ಕೇಳದ ಅರ್ಜಿ ನಾನು ಬರೆದದ್ದೇ ಇಲ್ಲ ಮಾರಾಯ್ರೆ" ಎಂದವರು, ನನ್ನ ಮಗಳ ಸ್ಕೇಲ್ ತರಿಸಿ, ನೇರ ಗೆರೆ ಎಳೆದು ಅದನ್ನು ಹೊಡೆದುಹಾಕಿದರು.

ನಾನು ದೋಸೆ ಮಡಚುತ್ತಿದ್ದ ಆ ಬೆಳಿಗ್ಗೆ ಚೀಲದಿಂದ ಬಂದದ್ದು ವಕೀಲರ ಉತ್ತರ. ಮಗನನ್ನು ಕಾಣಲು ವಕೀಲರಿಗೆ ಬಿಡಬೇಕು, ಅವನನ್ನು ಹಿಡಿದಿಟ್ಟ ಕಾರಣವನ್ನು ಸರ್ಕಾರ ತಿಳಿಸಬೇಕು ಎಂದು ಕೋರ್ಟು ಹೇಳಿತ್ತು.

"ಇನ್ನೊಮ್ಮೆ ಓದಿ. ಸರ್ಕಾರ ಹೇಳ್ಬೇಕು ಅಂತಲೇ ಉಂಟಾ? ದಯಮಾಡಿ ಅಂತ ಇಲ್ವಾ?"

"ಇಲ್ಲ ಹಮೀದಾಕ."

ಚಹಾ ಕೂಡ ಕುಡಿಯದೆ ಆ ತಾಯಿಯ ಮನೆಗೆ ಹೊರಟರು. ನಾನು ಹಮೀದಾಕರನ್ನು ಕಂಡದ್ದು ಅದೇ ಕೊನೆ. ಆ ವಾರವೇ ರಜೆಯಲ್ಲಿ ಊರಿಗೆ ಹೋದವರು ಅಲ್ಲೇ ತೀರಿಕೊಂಡರು.

ಉತ್ತರ ಬಂದ ದಿನ ಸಂಜೆ ಆ ತಾಯಿ ಕಳಿಸಿದ ಖರ್ಜೂರವನ್ನು ಪಕ್ಕದ ಮನೆಯ ನಫೀಸಾಳಿಗೂ ಕೊಟ್ಟು ಸುದ್ದಿ ಹೇಳಿದೆ. ಬೀಜ ಅಂಗೈಗೆ ಉಗುಳಿಕೊಳ್ಳುತ್ತ ಅವಳೆಂದಳು:

"ಹುಡುಗನನ್ನು ಬಿಡ್ಲಿಲ್ಲ ಅಲ್ವಾ? ಮತ್ತೆ ಎಂತದಕ್ಕೆ ಸಿಹಿ? ಬರೇ 'ಯಾಕೆ' ಅಂತ ಸರ್ಕಾರವನ್ನು ಕೇಳಿದ್ದಕ್ಕಾ?"