ನಿಂತುಕೊಂಡು ನಡೆಸುವ ಮೀಟಿಂಗು

ಕೂತು ಸುಳ್ಳು ಹೇಳುವುದಕ್ಕಿಂತ ನಿಂತು ಸುಳ್ಳು ಹೇಳುವುದು ಸುಲಭ. ಐವತ್ತೆರಡು ವರ್ಷ ಬದುಕಿ ನಾನು ಸ್ವಂತವಾಗಿ ಕಂಡುಹಿಡಿದದ್ದು ಇದೊಂದೇ. ಹಾಗಾಗಿ ಸ್ವಲ್ಪ ವಿವರಿಸಲು ಅವಕಾಶ ಕೊಡಿ.

ದುಬೈ ಸಿಲಿಕಾನ್ ಓಯಸಿಸ್‌ನ ನಮ್ಮ ಆಫೀಸಿನಲ್ಲಿ ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಎಂಟು ಮಂದಿ ಒಂದು ಪರದೆಯ ಮುಂದೆ ಅರ್ಧವೃತ್ತವಾಗಿ ನಿಲ್ಲುತ್ತೇವೆ. ಇದಕ್ಕೆ ಸ್ಟ್ಯಾಂಡ್‌ಅಪ್ ಎಂದು ಹೆಸರು. ನಿಂತರೆ ಕಾಲು ನೋಯುತ್ತದೆ, ಕಾಲು ನೋಯುವವರು ಕಡಿಮೆ ಮಾತಾಡುತ್ತಾರೆ ಎಂಬುದು ಇದರ ಹಿಂದಿನ ತತ್ವ. ಇದನ್ನು ಹೇಳಿದವರು ನನ್ನ ಅತ್ತೆ ಗೇಟಿನ ಹತ್ತಿರ ನಿಂತು ನೆಂಟರನ್ನು ಕಳಿಸಿಕೊಡುವುದನ್ನು ನೋಡಿದವರಲ್ಲ. ಇರಲಿ. ಒಬ್ಬೊಬ್ಬರೂ ಮೂರು ಪ್ರಶ್ನೆಗೆ ಉತ್ತರ ಕೊಡಬೇಕು: ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀ, ಏನಾದರೂ ಅಡ್ಡಿ ಇದೆಯೇ. ಯಾರು ಸಹಾಯ ಮಾಡಿದರು ಎಂಬ ನಾಲ್ಕನೆಯ ಪ್ರಶ್ನೆ ಇಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಅದು ಸುಳ್ಳಾಗುವುದಿಲ್ಲ ಎಂದು ಮೂರು ವರ್ಷ ನಂಬಿಕೊಂಡಿದ್ದೆ.

ಸಹಾಯ ಮಾಡುತ್ತಿದ್ದವನು ವಿಲ್ಫ್ರೆಡ್. ಕಾರ್ಕಳದ ಕಡೆಯವನು, ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಕನ್ನಡ, ಸಿಟ್ಟು ಬಂದರೆ ಮಾತ್ರ ತುಳು. ನಾನು ಈ ಕಸುಬಿನಲ್ಲಿ ನಾಲ್ಕು ಪ್ರೋಗ್ರಾಮಿಂಗ್ ಭಾಷೆ ಕಲಿತವನು. ಪ್ರತಿ ಸಲವೂ ಇನ್ನು ಮುಂದೆ ಎಲ್ಲ ಇದರಲ್ಲೇ ಎಂದವರ ಮಾತು ನಂಬಿಯೇ ಕಲಿತೆ. ಐದನೆಯದು ಬಂದಾಗ ತಲೆ ಮುಷ್ಕರ ಹೂಡಿತು. ನಾನು ಪರದೆಯನ್ನು ದಿಟ್ಟಿಸುತ್ತಾ ಕೂತಿರುವುದು ಕಂಡರೆ ವಿಲ್ಫ್ರೆಡ್ ಕುರ್ಚಿ ಎಳೆದುಕೊಂಡು ಬರುತ್ತಿದ್ದ. "ಶೆಟ್ರೇ, ಸ್ವಲ್ಪ ಜರುಗಿ. ಅದು ಹಾಗಲ್ಲ ಮಾರಾಯ್ರೇ" ಎಂದು ನನ್ನದೇ ಕೀಬೋರ್ಡಿನಲ್ಲಿ ಹತ್ತು ಸಾಲು ಬರೆದು, ನಾನು ಥ್ಯಾಂಕ್ಸ್ ಹೇಳುವಷ್ಟರಲ್ಲಿ ಇನ್ನೊಬ್ಬರ ಮೇಜಿನ ಹತ್ತಿರ ಇರುತ್ತಿದ್ದ.

ಕೋಡಿನ ಯಾವ ಸಾಲನ್ನು ಯಾರು ಬರೆದರು ಎಂದು ತೋರಿಸುವ ಆಜ್ಞೆಯೊಂದು ನಮ್ಮ ಸಾಧನಗಳಲ್ಲಿದೆ. ಅದನ್ನು ಮಾಡಿದ ಪುಣ್ಯಾತ್ಮರು ಅದಕ್ಕಿಟ್ಟ ಹೆಸರು ಬ್ಲೇಮ್. ದೂರುವುದಕ್ಕೆ ಆಜ್ಞೆ ಇದೆ, ಹೊಗಳುವುದಕ್ಕೆ ಇಲ್ಲ. ಅದಾದರೂ ಸರಿಯಾಗಿ ಹೇಳುತ್ತದೆಯೇ ಎಂದರೆ, ವಿಲ್ಫ್ರೆಡ್ ಬರೆದ ಸಾಲುಗಳೆಲ್ಲ ನನ್ನ ಕಂಪ್ಯೂಟರಿನಿಂದ ಹೋದ ಕಾರಣ ನನ್ನ ಹೆಸರನ್ನೇ ತೋರಿಸುತ್ತವೆ. ಬೆಳಿಗ್ಗೆ ನಾನು ನಿಂತುಕೊಂಡು ರಿಪೋರ್ಟಿನ ಕೆಲಸ ಮುಗಿಸಿದೆ ಎನ್ನುತ್ತಿದ್ದೆ. ಯಾರು ಎಷ್ಟು ಕೆಲಸ ಮುಗಿಸಿದರೆಂದು ಲೆಕ್ಕ ಇಡುವ, ಪರದೆಯ ಮೇಲಿನ ಬೋರ್ಡಿನಲ್ಲಿ ನನ್ನ ಹೆಸರಿಗೆ ಐದು ಪಾಯಿಂಟು ಬೀಳುತ್ತಿತ್ತು. ಉಳಿದವರದ್ದೂ ಇದೇ ಕಥೆ. ದಿನವಿಡೀ ನಮ್ಮೆಲ್ಲರ ಕೆಲಸ ಮಾಡಿದ ವಿಲ್ಫ್ರೆಡ್ ತನ್ನ ಸರದಿ ಬಂದಾಗ ತನ್ನದು ಇನ್ನೂ ಸ್ವಲ್ಪ ಬಾಕಿ ಇದೆ ಎಂದು ಹೇಳಿ ನಗುತ್ತಿದ್ದ.

ನವೆಂಬರಿನಲ್ಲಿ ತಂಡದಿಂದ ಒಬ್ಬರನ್ನು ಕಡಿಮೆ ಮಾಡುತ್ತಾರೆಂಬ ಸುದ್ದಿ ಹಬ್ಬಿತು. ಇಲ್ಲಿ ಕೆಲಸ ಹೋಯಿತೆಂದರೆ ವೀಸಾ ಹೋಯಿತು. ನಮ್ಮದು ಮಾತ್ರವಲ್ಲ, ಹೆಂಡತಿ ಮಕ್ಕಳದ್ದೂ. ವಿಲ್ಫ್ರೆಡ್‌ನ ಮಗಳು ಹನ್ನೆರಡನೇ ಕ್ಲಾಸಿನಲ್ಲಿದ್ದಳು. ಲಿಫ್ಟಿನ ಹತ್ತಿರ ಅವನು ಮೆಲ್ಲಗೆ ಹೇಳಿದ: "ಮಾರ್ಚ್ ತನಕ ಇಟ್ಕೊಂಡ್ರೆ ಸಾಕು ಶೆಟ್ರೇ. ಮಗಳ ಪರೀಕ್ಷೆ ಒಂದು ಮುಗೀಲಿ. ಮತ್ತೆ ಖಲಾಸ್ ಹೇಳಿದ್ರೂ ಬೇಜಾರಿಲ್ಲ."

"ನಿನ್ನನ್ನು ಯಾರು ತೆಗೀತಾರೆ ಮಾರಾಯ" ಎಂದೆ. ಬೋರ್ಡಿನಲ್ಲಿ ಅವನ ಪಾಯಿಂಟು ಎಲ್ಲರಿಗಿಂತ ಕಡಿಮೆ ಇದೆ ಎಂದು ನನಗೆ ಗೊತ್ತಿತ್ತು. ಕೆಳಗಿನಿಂದ ಎರಡನೆಯವನು ನಾನು ಎಂಬುದೂ ಗೊತ್ತಿತ್ತು.

ಎರಡು ವಾರಕ್ಕೊಮ್ಮೆ ನಮ್ಮಲ್ಲಿ ರೆಟ್ರೋ ಎಂಬ ಇನ್ನೊಂದು ಆಚರಣೆ. ಏನು ಸರಿಹೋಯಿತು, ಏನು ತಪ್ಪಿತು ಎಂದು ಹಳದಿ ಚೀಟಿಯಲ್ಲಿ ಮುಚ್ಚುಮರೆ ಇಲ್ಲದೆ ಬರೆದು ಗೋಡೆಗೆ ಅಂಟಿಸಬೇಕು. ಮ್ಯಾನೇಜರ್ ಒಂದೊಂದನ್ನೇ ಗಟ್ಟಿಯಾಗಿ ಓದುತ್ತಾರೆ. ಆ ಸಲ ನಾನು ನಿಶ್ಚಯ ಮಾಡಿಯೇ ಹೋಗಿದ್ದೆ. ನನ್ನ ಅರ್ಧ ಕೆಲಸವನ್ನು ವಿಲ್ಫ್ರೆಡ್ ಮಾಡುತ್ತಾನೆ ಎಂದು ಬರೆದೆ. ಬರೆದದ್ದನ್ನು ಇನ್ನೊಮ್ಮೆ ಓದಿದೆ. ಹಾಗಾದರೆ ಶೆಟ್ಟರು ಯಾಕೆ ಬೇಕು ಎಂದು ಮ್ಯಾನೇಜರ್ ಕೇಳುವುದು ಕಿವಿಗೆ ಬಿದ್ದಂತಾಯಿತು. ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ಇನ್ನೊಂದರಲ್ಲಿ ಕಾಫಿ ಮೆಷಿನ್ ಸರಿ ಇಲ್ಲ ಎಂದು ಬರೆದು ಅಂಟಿಸಿದೆ. ಎಲ್ಲರೂ ಒಪ್ಪಿದರು, ವಿಲ್ಫ್ರೆಡ್ ಕೂಡ. ಮರುವಾರ ಹೊಸ ಮೆಷಿನ್ ಬಂತು. ಅದರ ಮರುವಾರ ವಿಲ್ಫ್ರೆಡ್‌ಗೆ ಪತ್ರ ಬಂತು.

ಅವನ ಹೆಂಡತಿ, ಮಗಳು ಈಗ ಶಾರ್ಜಾದಲ್ಲಿ ಸಂಬಂಧಿಕರ ಫ್ಲ್ಯಾಟಿನ ಹಾಲ್‌ನಲ್ಲಿದ್ದಾರೆ, ವಿಸಿಟ್ ವೀಸಾದ ಮೇಲೆ, ಪರೀಕ್ಷೆ ಮುಗಿಯುವ ತನಕ. ಅವನು ಊರಿನಲ್ಲಿ ಕೆಲಸ ಹುಡುಕುತ್ತಿದ್ದಾನೆ. ನನಗೆ ನಾಚಿಕೆಯಾಗುತ್ತದೆ. ಕನ್ನಡ, ತುಳು, ಹಿಂದಿ, ಇಂಗ್ಲಿಷ್, ಅದರ ಮೇಲೆ ಕಂಪ್ಯೂಟರಿನವು ನಾಲ್ಕು. ಇಷ್ಟು ಭಾಷೆ ಇಟ್ಟುಕೊಂಡೂ ಒಂದು ವಾಕ್ಯ ಹೇಳಲು ನನ್ನಿಂದ ಆಗಲಿಲ್ಲ.

ಕಳೆದ ವಾರ ಅದೇ ರಿಪೋರ್ಟು ಮತ್ತೆ ಕೆಟ್ಟಿತು. ಎರಡು ದಿನ ಒದ್ದಾಡಿ, ಕೊನೆಗೆ ಮಾನ ಮರ್ಯಾದೆ ಬದಿಗಿಟ್ಟು ಅವನಿಗೇ ಫೋನ್ ಮಾಡಿದೆ. "ಎಂತ ಶೆಟ್ರೇ, ತಾರೀಕಿನದ್ದೇ ಪ್ರಾಬ್ಲೆಮ್ ಅಲ್ವಾ? ಸ್ಕ್ರೀನಿನ ಒಂದು ಫೋಟೋ ತೆಗ್ದು ಕಳ್ಸಿ" ಎಂದ. ಅರ್ಧ ಗಂಟೆಯಲ್ಲಿ ಸರಿಯಾಯಿತು. ಒಂದು ಮಾತು ಬೈದಿದ್ದರೂ ನನಗೆ ಎಷ್ಟೋ ಹಿತವಾಗುತ್ತಿತ್ತು.

ಮರುದಿನ ಬೆಳಿಗ್ಗೆ ನನ್ನ ಸರದಿ ಬಂದಾಗ ಗಂಟಲು ಸರಿಮಾಡಿಕೊಂಡು ಹೇಳಿಯೇಬಿಟ್ಟೆ: ಇದನ್ನು ಮಾಡಿದ್ದು ನಾನಲ್ಲ, ವಿಲ್ಫ್ರೆಡ್, ಹಿಂದಿನ ಎಷ್ಟೋ ಕೆಲಸಗಳೂ ಅವನವೇ. ಹೇಳುವುದಕ್ಕೆ ಏನೂ ಕಷ್ಟವಾಗಲಿಲ್ಲ. ತೆಗೆಯಬೇಕಾದವರನ್ನು ತೆಗೆದಾಗಿತ್ತು. ಬೋರ್ಡ್ ನೋಡಿಕೊಳ್ಳುವ ಹುಡುಗಿ, ನಮ್ಮ ಕಡೆಯವಳೇ, ಪರದೆಯ ಮೇಲೆ ಹೆಸರುಗಳ ಪಟ್ಟಿಯನ್ನು ಮೇಲೆ ಕೆಳಗೆ ಓಡಿಸಿ ಹುಡುಕಿದಳು.

"ಆ ಹೆಸರು ಈಗ ಇದರಲ್ಲಿ ಬರ್ತಾ ಇಲ್ಲ ಸರ್. ನಿಮ್ಮ ಹೆಸರಿಗೇ ಹಾಕ್ತೇನೆ, ಆಯ್ತಾ?"

ಆಯಿತು ಎಂದೆ. ಸುಳ್ಳಿಗೆ ಎಷ್ಟು ಸಿಗುತ್ತಿತ್ತೋ ನಿಜಕ್ಕೂ ಅಷ್ಟೇ ಪಾಯಿಂಟು ಸಿಕ್ಕಿತು.