ಮೆದೆ ಹತ್ತಿದ ಮಾವ

ಗೋಣಿಚೀಲದ ಮೇಲೆ ಕೂತ ನಮ್ಮ ಮಾವ ರಾಗಿಹುಲ್ಲಿನ ಮೆದೆಯ ಮೇಲಿಂದ ಸರ್ರನೆ ಜಾರಿ, ಒಂದು ಉರುಳು ಉರುಳಿ, ನನ್ನ ಕಾಲ ಬಳಿ ಬಂದು ಬಿದ್ದರು.

ಮೆದೆ ತುಳಿದರೆ ಮಳೆನೀರು ಒಳಗಿಳಿದು ಹುಲ್ಲು ಕೊಳೆಯುತ್ತದೆಂದು ಮಕ್ಕಳನ್ನು ಅದರ ಹತ್ತಿರಕ್ಕೂ ಬಿಡದ ಮನುಷ್ಯ ಅವರು!

ಹಿಂದಿನ ದಿನ ಮನೆಯಲ್ಲಿ ರಂಪವಾಗಿತ್ತು. ಡಿಸೆಂಬರಿನಲ್ಲಿ ಮೊದಲ ಹಿಮ ಬೀಳುತ್ತಲೇ ಕಾಶ್ಮೀರದ ಗುಲ್ಮಾರ್ಗಕ್ಕೆ ಹೋಗಿ, ಎರಡು ವಾರ ಅಲ್ಲಿದ್ದು ಮಕ್ಕಳಿಗೆ ಹಿಮದ ಮೇಲೆ ಜಾರುವ ಸ್ಕೀ ಕಲಿಸಬೇಕೆಂದು ನಾನೂ ನನ್ನ ಗಂಡನೂ ನಮ್ಮೂರು ತಾಳವಾಡಿಯಲ್ಲಿ ಕೂತು ಲೆಕ್ಕಾಚಾರ ಹಾಕುತ್ತಿದ್ದೆವು. ಮೊಬೈಲಿನಲ್ಲಿ ಯಾವುದೋ ಮಗು ಸ್ಕೀ ಮಾಡುತ್ತ ಮುಗ್ಗರಿಸಿದ್ದನ್ನು ಕಂಡ ಐದು ವರ್ಷದ ಮಗಳು, "ನಾ ಬರಲ್ಲ" ಎಂದು ಅತ್ತೂ ಅತ್ತೂ ಮಲಗಿದಳು. ಪ್ರವಾಸವನ್ನೇ ಕೈಬಿಡೋಣ ಅಂದುಕೊಂಡಿದ್ದೆ.

ಮಾವ ಮೈಮೇಲಿನ ಹುಲ್ಲನ್ನೂ ಕೊಡವದೆ, ಬಾಯಿ ತೆರೆದು ನಿಂತಿದ್ದ ಆ ಮೊಮ್ಮಗಳ ಕಡೆ ತಿರುಗಿದರು.

"ನೋಡ್ದಾ ಮಗ, ನಾನೂ ಬುದ್ಬುಟ್ಟೆ. ಏನಾರ ಆಯ್ತಾ? ಆ ಮಂಜು ಈ ಉಲ್ಲಿಗಿಂತ ಮೆತ್ಗಿದ್ದದೋ ಏನೋ, ನಂಗೊತ್ತಿಲ್ಲ ಕಣವ್ವ."

ಅವಳು ಗೋಣಿಚೀಲ ಎಳೆದುಕೊಂಡು ಮೆದೆಯ ಕಡೆ ನಡೆದಳು. "ಆ ಮಂಜ ನಾ ಓಗಿ ನೋಡ್ಕಬಂದು ಯೋಳ್ತೀನಿ, ತಾತ."

ಮೆದೆಯ ಒಂದು ಮಗ್ಗುಲು ಈಗ ನುಣ್ಣಗೆ ತಗ್ಗಾಗಿದೆ. ಮಳೆಗೆ ನೆನೆಯದಿರಲೆಂದು ಮಾವ ಅದಕ್ಕೆ ಟಾರ್ಪಾಲು ಹೊದಿಸುತ್ತಾರೆ. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ತಾವೇ ತೆಗೆದಿಡುತ್ತಾರೆ.