ಶ್ರಾವಣದಲ್ಲಿ ಕುಡಿದ ಬಾವಿನೀರು

ಹಾರವಾಡದಲ್ಲಿ ನಾನು ಕೊಂಡ ಜಾಗದ ಬಾವಿ ಮೊದಲ ಬೇಸಿಗೆಯಲ್ಲೇ ಉಪ್ಪಾಯಿತು. ವರ್ಷವಿಡೀ ಸಿಹಿನೀರೆಂದು ಸುಳ್ಳು ಹೇಳಿ ಮಾರಿದರೆಂದು ಅಂಕೋಲೆಯ ಕೋರ್ಟಿನಲ್ಲಿ ದಾವೆ ಹೂಡಿದೆ. ಮಾರಿದ ಮುದುಕರ ಆ ಮಾತು ನನಗೆ ಸ್ಪಷ್ಟವಾಗಿ ನೆನಪಿತ್ತು.

ವಿಚಾರಣೆಗೆ ಮೊದಲೇ ಅವರ ವಕೀಲರಿಂದ ಬರವಣಿಗೆಯಲ್ಲಿ ಪ್ರಶ್ನೆಗಳು ಬಂದವು. ಪ್ರಮಾಣ ಮಾಡಿ ಉತ್ತರಿಸಬೇಕಿತ್ತು. ನೀರು ಕುಡಿದು ನೋಡಿದ್ದು ಯಾವ ತಿಂಗಳು? ಆಗ ಮಾರುವವರು ಏನೆಂದರು? ಅದನ್ನು ಎಲ್ಲಾದರೂ ಬರೆದಿಟ್ಟಿದ್ದೀರಾ?

ಈ ಕರಾವಳಿಯಲ್ಲಿ ಜಾಗ ಕೊಳ್ಳುವವರು ಮೇ ತಿಂಗಳಲ್ಲಿ ಬಾವಿನೀರಿನ ರುಚಿ ನೋಡುತ್ತಾರೆ. ನಾನು ನೋಡಿದ್ದು ಶ್ರಾವಣದಲ್ಲಿ. ಉತ್ತರ ನಿಖರವಾಗಿರಲೆಂದು ಹೆಮ್ಮೆಯಿಂದ ಹಳೆಯ ಡೈರಿ ತೆಗೆದೆ. ಮುದುಕರ ಮಾತು ನನ್ನದೇ ಅಕ್ಷರದಲ್ಲಿತ್ತು: “ಮಳೆಗಾಲ್ದಲ್ಲಿ ಎಲ್ಲಾ ಬಾವಿನೂ ಸಿಹಿಯೇ ಮಾಸ್ತರ್ರೇ. ಮೇ ತಿಂಗ್ಳಲ್ಲಿ ಬಂದು ಕುಡ್ದು ನೋಡಿ, ಆಮೇಲೆ ತಕೊಳ್ಳಿ.” ಅದರ ಕೆಳಗೆ, ಬೇರೆಯವರು ಕೊಂಡುಬಿಟ್ಟಾರೆಂದು ಅಂದೇ ಮುಂಗಡ ಕೊಟ್ಟೆ ಎಂದೂ ಬರೆದಿದ್ದೆ.

ನನ್ನ ವಕೀಲರು ಪುಟ ಓದಿ ಕನ್ನಡಕ ತೆಗೆದರು. “ಡೈರಿ ಬರೀರಿ ಅಂತ ನಿಮ್ಗೆ ಯಾರು ಹೇಳಿದ್ರು ಸರ್?”

ಕೊನೆಯ ಪ್ರಶ್ನೆಯ ಮುಂದೆ ‘ಹೌದು’ ಎಂದು ಬರೆದೆ. ಮರುವಾರ ದಾವೆ ಹಿಂತೆಗೆದುಕೊಂಡೆ. ಆದರೆ ಬೇಸಿಗೆಯಲ್ಲಿ ಆ ನೀರಿನಿಂದ ಬಾಯಿ ಮುಕ್ಕಳಿಸುವಾಗೆಲ್ಲ, ವರ್ಷವಿಡೀ ಸಿಹಿಯೆಂದು ಮುದುಕರು ಹೇಳಿದ್ದು ಈಗಲೂ ಅವರದೇ ದನಿಯಲ್ಲಿ ಕೇಳಿಸುತ್ತದೆ.